ಪಕ್ಕದ ಪುಟಕ್ಕೆ ದಾರಿ

ಈಗ ಯಾರನ್ನ ಏನು ಕೇಳಿದ್ರೂ ಫೋನ್ ತೆಗೆದು ಅರೆಗಳಿಗೇಲಿ ಹುಡುಕಿಬಿಡ್ತಾರೆ. ನೋಡಿದಾಗೆಲ್ಲ ನನಗೆ ಸುಸ್ತಾಗುತ್ತೆ. ಯಾಕೆ ಅಂತ ಹೇಳೋಕೂ ಸುಸ್ತು.

ಮಗಳು ಮೂರನೇ ಕ್ಲಾಸಲ್ಲಿದ್ದಾಗ, ಮಬ್ಬಾಯ್ತು ಅಂದರೆ ಬಾಗಿಲಿಗೆ, ಮೇಜಿಗೆ ಡಿಕ್ಕಿ ಹೊಡೆಯೋಕೆ ಶುರುಮಾಡಿದಳು. ನಾನು ಮದುವೆಯಾದದ್ದು ಸೋದರಮಾವನನ್ನ. ಡಾಕ್ಟರು ಮೊದಲು ಅದನ್ನೇ ಕೇಳಿ, ಆಮೇಲೆ ಕಾಯಿಲೆಯ ಹೆಸರು ಹೇಳಿದರು. ಕಣ್ಣು ನಿಧಾನವಾಗಿ ಹೋಗುತ್ತೆ, ಇಲ್ಲೆಲ್ಲೂ ಔಷಧಿ ಇಲ್ಲ ಅಂದರು. ಇಲ್ಲಿಲ್ಲದಿದ್ದರೆ ಬೇರೆ ಎಲ್ಲೋ ಇದ್ದೇ ಇರುತ್ತೆ ಅಂತ ನಾನು ಹಟ ಹಿಡಿದೆ.

ನಾನು ಟೀಚರು, ಶನಿವಾರ ಸ್ಕೂಲು ಅರ್ಧ ದಿನ. ಪಾಠ ಮುಗಿಸಿ ಬಸವೇಶ್ವರನಗರದಿಂದ ಸೀದಾ ವಿಜಯನಗರದ ಸೈಬರ್ ಸೆಂಟರಿಗೆ. ಆಗ ವೆಬ್‌ಸೈಟ್ ಅಂದರೆ ವಿಳಾಸ ಗೊತ್ತಿದ್ದವರಿಗೆ ಮಾತ್ರ. ಜನ ಪೇಪರಿನ ತುಂಡು ಪರ್ಸಲ್ಲಿಟ್ಕೊಂಡು ಬರ್ತಿದ್ದರು, ಬಸ್ಸಲ್ಲಿ ಕೇಳಿದ್ದನ್ನ ಅಂಗೈಮೇಲೆ ಬರ್ಕೊಂಡು ಬರ್ತಿದ್ದರು. ಸೆಂಟರಿನ ಗೋಡೆ ಮೇಲೂ ಒಂದಷ್ಟು ಅಂಟಿಸಿದ್ದರು: ಪಿಯುಸಿ ರಿಸಲ್ಟು, ರೈಲು, ಮದುವೆ ಸಂಬಂಧ. ನನ್ನ ಮಗಳ ಕಾಯಿಲೆ ಯಾವ ಗೋಡೆ ಮೇಲಿರುತ್ತೆ ಹೇಳಿ.

ಎಲ್ಲವನ್ನೂ ವಿಷಯವಾರು ಜೋಡಿಸಿಟ್ಟ ಒಂದು ಸೈಟಿತ್ತು. ಆರೋಗ್ಯ, ಅದರೊಳಗೆ ಕಾಯಿಲೆ, ಅದರೊಳಗೆ ಕಣ್ಣು, ಹೀಗೆ ಇಳಿದೂ ಇಳಿದೂ ಒಂದು ಪುಟ ಸಿಕ್ಕಿತು. ಯಾವುದೋ ದೇಶದ ತಾಯಿ ತನ್ನ ಮಗನ ಬಗ್ಗೆ ಬರೆದದ್ದು. ನೀಲಿ ಹಿನ್ನೆಲೆ, ನಾಯಿ ತಬ್ಬಿಕೊಂಡ ಹುಡುಗನ ಫೋಟೊ. ಕೆಳಗೆ 'ಮುಂದಿನದು' ಅಂತ ಬಟನ್ನು. ಒತ್ತಿದರೆ ಇದೇ ಕಾಯಿಲೆಯ ಮಗುವಿರೋ ಇನ್ನೊಂದು ಮನೆಯವರ ಪುಟ. ಅಲ್ಲೂ ಅದೇ ಬಟನ್ನು. ಒಂದೊಂದು ಪುಟ ತೆರೆದುಕೊಳ್ಳೋಕೂ ಯುಗ ಹಿಡೀತಿತ್ತು, ಕಣ್ಣಿಗೆ ಎಣ್ಣೆ ಬಿಟ್ಕೊಂಡು ಕೂತಿರ್ತಿದ್ದೆ. ಎಲ್ಲಿ ನಿಲ್ಲಿಸಿದೆನೋ ಆ ವಿಳಾಸ ಬರ್ಕೊಂಡು, ಮುಂದಿನ ವಾರ ಅಲ್ಲಿಂದಲೇ. ಇಷ್ಟು ಜನರಲ್ಲಿ ಒಬ್ಬರಿಗಾದರೂ ಔಷಧಿ ಸಿಕ್ಕಿರಲ್ವಾ ಅಂತ ಆಸೆ.

ಒಂದು ಶನಿವಾರ ಒತ್ತಿದೆ, ನೀಲಿ ಬಂತು. ಅದೇ ನಾಯಿ, ಅದೇ ಹುಡುಗ. ಕಂಪ್ಯೂಟರ್ ಕೆಟ್ಟಿರಬೇಕು ಅಂತ ಮತ್ತೆ ಒತ್ತಿದೆ. ಮೊದಲ ವಾರ ನೋಡಿದ ಎರಡನೇ ಪುಟವೇ ಬಂತು. ಆಗ ಅರ್ಥವಾಯ್ತು. ಒಬ್ಬೊಬ್ಬರೂ ಪಕ್ಕದವರ ಕಡೆ ಕೈ ತೋರಿಸಿದ್ದರು, ಕೊನೆಯವರು ಮೊದಲನೆಯವರ ಕಡೆ. ಔಷಧಿ ಯಾರ ಹತ್ತಿರವೂ ಇರಲಿಲ್ಲ. ತಿಂಗಳುಗಟ್ಟಲೆ ಗಾಣದೆತ್ತಿನ ಹಾಗೆ ಸುತ್ತಿದ್ದೆ ನಾನು. ಕ್ಯಾಬಿನ್ನಿನ ಕರ್ಟನ್ ಎಳ್ಕೊಂಡು ಅತ್ತುಬಿಟ್ಟೆ.

ಮನೆಗೆ ಬಂದಾಗ ಹೊತ್ತು ಇಳೀತಿತ್ತು. ಮಗಳು ಮೆಟ್ಟಿಲ ಮೇಲೆ ಕೂತಿದ್ದಳು.

"ಅಮ್ಮಾ, ಇವತ್ತು ಸಿಕ್ತಾ?"

"ಇಲ್ಲ ಕಣೇ. ಎಲ್ಲಾ ನೋಡಿ ಮುಗೀತು. ಇನ್ನು ಹೋಗಲ್ಲ."

ಅಳ್ತಾಳೆ ಅಂದ್ಕೊಂಡೆ. ಅವಳು ತಡಕಾಡಿ ನನ್ನ ಬ್ಯಾಗು ಇಸ್ಕೊಂಡಳು. "ಹಾಗಾದ್ರೆ ಇನ್ಮೇಲೆ ಶನಿವಾರ ಬೆಳಕಿರೋವಾಗ್ಲೇ ಬಂದ್ಬಿಡ್ತೀಯಾ? ಮಲ್ಲತ್ತಹಳ್ಳಿ ಕೆರೆ ತೋರಿಸ್ತೀನಿ ಅಂದಿದ್ಯಲ್ಲ," ಅಂದಳು.