ಅರದಕ್ಕ ಉಜ್ಜದ ಚೈನು

ಆ ಕಾಗದಕ್ಕೆ ನಮ್ಮಮ್ಮ ಸಹಿ ಹಾಕಲಿಲ್ಲ. ಮೇಸ್ತ್ರಿ ಎರಡು ಸಲ ಪೆನ್ನು ಕೊಟ್ಟ. ಮೊದಲನೆಯ ಸಲ ಅದನ್ನು ಮೇಜಿನ ಮೇಲಿಟ್ಟಳು. ಎರಡನೆಯ ಸಲ ಮುಚ್ಚಳ ಹಾಕಿ ಅವನ ಜೇಬಿಗೇ ಸಿಕ್ಕಿಸಿದಳು. ಸುತ್ತ ನಿಂತಿದ್ದ ಮರ ಕಡಿಯುವ ಕಟರುಗಳು ನಕ್ಕರು. ನಾನು ಮಾತ್ರ ನಗಲಿಲ್ಲ. ಆ ಕಾಗದದಲ್ಲಿ ಇದ್ದದ್ದು ಸುಳ್ಳು ಎಂದು ಗೊತ್ತಿದ್ದವರಲ್ಲಿ ನಾನೂ ಒಬ್ಬಳು.

ಅಮ್ಮನೇ ಹೇಳುವ ಹಾಗೆ ಅದರಲ್ಲಿ ಬರೆದಿದ್ದು ಇಷ್ಟು: ಗರಗಸದ ಚೈನನ್ನು ತಪ್ಪಾಗಿ ಉಜ್ಜಿದ್ದು ನಾನೇ, ಅದರಿಂದಲೇ ಕಟರಿಗೆ ಗಾಯವಾಯಿತು, ಇನ್ನು ಮುಂದೆ ಮೇಸ್ತ್ರಿ ಹೇಳಿದಂತೆ ಕೆಲಸ ಮಾಡುತ್ತೇನೆ. ಸಹಿ ಹಾಕಿದರೆ ಒಂದು ಎಚ್ಚರಿಕೆ ಕೊಟ್ಟು ಬಿಡುತ್ತಾರಂತೆ, ಅವಳ ಬೆಂಚು ಅವಳಿಗೇ ಉಳಿಯುತ್ತದಂತೆ. ಹಾಕದಿದ್ದರೆ ಶನಿವಾರದೊಳಗೆ ಜಾಗ ಖಾಲಿ ಮಾಡಬೇಕು. ಇಪ್ಪತ್ತೆರಡು ವರ್ಷದಿಂದ ಕೂತಿದ್ದ ಜಾಗ ಅದು.

ನಮ್ಮಮ್ಮನನ್ನು ಮರದ ಡಿಪೋದಲ್ಲಿ ಎಲ್ಲರೂ ಅರದಕ್ಕ ಅನ್ನುತ್ತಾರೆ. ಅರ ಹಿಡಿದು ಚೈನ್ ಗರಗಸದ ಹಲ್ಲು ಉಜ್ಜುವುದು ಅವಳ ಕೆಲಸ. ಇದನ್ನು ಯಾರೂ ಅವಳಿಗೆ ಕರೆದು ಕೊಡಲಿಲ್ಲ. ಅಪ್ಪ ಕಟರ್ ಆಗಿದ್ದ. ನಲವತ್ತಕ್ಕೇ ಅವನ ಕಣ್ಣು ಮಂಜಾಗಿ, ಹಲ್ಲಿನ ಮೊನೆ ಕಾಣದಾಯಿತು. ಅಮ್ಮ ಅಡುಗೆಮನೆ ಕಿಟಕಿಯ ಬೆಳಕಿನಲ್ಲಿ ಕೂತು ಅವನ ಚೈನು ಉಜ್ಜಲು ಶುರು ಮಾಡಿದಳು. ಅಪ್ಪನ ಗರಗಸ ಬೇರೆಯವರದಕ್ಕಿಂತ ಹಗುರಾಗಿ ಮರಕ್ಕಿಳಿಯುವುದನ್ನು ಕಂಡು ಉಳಿದವರೂ ತಮ್ಮ ಚೈನು ತಂದರು. ಕೊನೆಗೆ ಡಿಪೋದವರೇ ಶೆಡ್ಡಿನ ಮೂಲೆಯಲ್ಲಿ ಒಂದು ಬೆಂಚು ಹಾಕಿಕೊಟ್ಟರು. ಅಪ್ಪ ಮೂವತ್ತು ವರ್ಷ ಮರ ಕಡಿದು, ಮನೆಯ ಹಾಸಿಗೆಯಲ್ಲಿ, ಜ್ವರದಿಂದ ಸತ್ತ. 'ಹೋಗುವಾಗ ಹತ್ತು ಬೆರಳೂ ಜೊತೆಗೆ ತಗೊಂಡು ಹೋದ್ರು' ಎಂದು ಅಮ್ಮ ಇವತ್ತಿಗೂ ಜಂಬ ಕೊಚ್ಚಿಕೊಳ್ಳುತ್ತಾಳೆ. ಅವಳ ಹತ್ತಿರ ಇರುವ ಸರ್ಟಿಫಿಕೇಟು ಅದೊಂದೇ.

ಅವಳ ಬೆಂಚಿನ ಹತ್ತಿರ ಸುಮ್ಮನೆ ಗರಗಸ ಎಸೆದು ಹೋಗುವ ಹಾಗಿಲ್ಲ. ತಂದವನು ನಿಂತೇ ಇರಬೇಕು. ಚೈನು ಓಡುವ ಉದ್ದನೆಯ ಕಬ್ಬಿಣದ ಪಟ್ಟಿಯ, ಅಂದರೆ ಬಾರಿನ, ಸಂದಿನಲ್ಲಿ ಮರದ ಹೊಟ್ಟು ಮೆತ್ತಿದ್ದರೆ ಅವನ ಕೈಯಲ್ಲೇ ಕೆರೆಸುತ್ತಾಳೆ. ಒಂದೇ ಕಡೆ ಸವೆಯದಿರಲಿ ಎಂದು ಬಾರನ್ನು ಪ್ರತಿ ಸಲ ತಿರುಗಿಸಿ ಹಾಕಿಸುತ್ತಾಳೆ. ಆಮೇಲೆ ಗರಗಸ ಓಡಿಸಿ, ಬಾರಿನ ಮೂತಿಯನ್ನು ಒಂದು ರಟ್ಟಿನ ಕಡೆ ಹಿಡಿಯಲು ಹೇಳುತ್ತಾಳೆ. ರಟ್ಟಿನ ಮೇಲೆ ಎಣ್ಣೆಯ ಗೆರೆ ಬೀಳದಿದ್ದರೆ ಚೈನಿಗೆ ಎಣ್ಣೆ ಹೋಗುತ್ತಿಲ್ಲ ಎಂದು ಲೆಕ್ಕ. ಗರಗಸವನ್ನು ನೆಲಕ್ಕಿಟ್ಟು, ಹಿಡಿಯ ಮೇಲೆ ಕಾಲಿಟ್ಟು ಸ್ಟಾರ್ಟ್ ಮಾಡದೆ, ಗಾಳಿಯಲ್ಲಿ ತೂಗಿಸಿ ಹಗ್ಗ ಎಳೆಯುವ ಶೂರರು ಕೆಲವರಿದ್ದಾರೆ. ಅವರಿಗೆ ಅಮ್ಮ, 'ಈ ಸರ್ಕಸ್ಸು ನಿಮ್ಮನೆಯವಳ ಮುಂದೆ ಮಾಡಪ್ಪ, ಅವಳೇ ಬ್ಯಾಂಡೇಜು ಸುತ್ತಬೇಕಲ್ವಾ' ಅನ್ನುತ್ತಾಳೆ. ಅವಳ ಬಾಯಿಗೆ ಹೆದರಿ ಬೇರೆ ಡಿಪೋಗೆ ಹೋದವರೂ ಇದ್ದಾರೆ. ಅಮ್ಮ ಕ್ಯಾರೇ ಅನ್ನಲಿಲ್ಲ.

ಜಗಳ ಹುಟ್ಟಿದ್ದು ಒಂದು ಪುಟ್ಟ ದಿಬ್ಬದಿಂದ. ಚೈನಿನ ಪ್ರತಿ ಕತ್ತರಿಸುವ ಹಲ್ಲಿನ ಮುಂದೆ ಒಂದು ಚಿಕ್ಕ ದಿಬ್ಬ ಇರುತ್ತದೆ. ಹಲ್ಲು ಒಂದು ಸಲಕ್ಕೆ ಎಷ್ಟು ಮರ ಕಚ್ಚಬೇಕು ಎಂದು ತಡೆದು ಹಿಡಿಯುವುದು ಅದೇ. ಅದನ್ನು ಉಜ್ಜಿ ತಗ್ಗಿಸಿಬಿಟ್ಟರೆ ಚೈನು ಹಸಿದ ನಾಯಿಯ ಹಾಗೆ ಬಾಯಿ ಹಾಕುತ್ತದೆ, ಕೆಲಸ ಬೇಗ ಸಾಗುತ್ತದೆ. ಆದರೆ ಬಾರಿನ ಮೂತಿಯ ಮೇಲ್ಭಾಗ ಎಲ್ಲಾದರೂ ಕೊಂಬೆಗೆ ತಗುಲಿತೋ, ಗರಗಸ ಹಿಡಿದವನ ಮುಖಕ್ಕೇ ಎಗರುತ್ತದೆ. ಕಟರುಗಳು ಇದಕ್ಕೆ ಒದೆಯೋದು ಅನ್ನುತ್ತಾರೆ. ಒಳ್ಳೆಯ ಚೈನೂ ಒದೆಯುತ್ತದೆ, ದಿಬ್ಬ ತಗ್ಗಿದ ಚೈನು ಇನ್ನೂ ಜೋರಾಗಿ ಒದೆಯುತ್ತದೆ. ಅಮ್ಮ ಎಷ್ಟು ಬೇಕೋ ಅಷ್ಟೇ, ಅಳತೆಪಟ್ಟಿ ಇಟ್ಟು ನೋಡಿ ಉಜ್ಜುತ್ತಾಳೆ. ಒಂದು ಎಳೆ ಹೆಚ್ಚಿಲ್ಲ.

ಮೇಸ್ತ್ರಿಗೆ ಆ ಒಂದು ಎಳೆಯೇ ಬೇಕಾಗಿತ್ತು. ರಸ್ತೆ ಅಗಲ ಮಾಡಲು ಮುನ್ನೂರು ಮರ ತೆಗೆಯುವ ಕೆಲಸ ಹಿಡಿದಿದ್ದ. ದಿನಕ್ಕೆ ಇಷ್ಟು ಮರ ಎಂದು ಡಿಪೋದ ಯಜಮಾನರಿಗೆ ಮಾತು ಕೊಟ್ಟು ಕೂತಿದ್ದ.

'ಸ್ವಲ್ಪ ತಗ್ಗಿಸಿ ಕೊಡು ಅರದಕ್ಕ. ಎಲ್ಲಾ ಕಡೆ ಹಾಗೇ ಮಾಡ್ತಾರೆ.'

'ಎಲ್ಲಾ ಕಡೆ ಮಾಡೋರ ಹತ್ರಾನೇ ಮಾಡಿಸ್ಕೋ.'

'ನಿನಗೆ ಸಂಬಳ ಕೊಡೋದು ನಾವು ಕಣಮ್ಮ.'

'ಹಲ್ಲು ಉಜ್ಜೋಕೆ ಕೊಡ್ತೀರ. ಮುಖ ಹರಿಯೋಕಲ್ಲ.'

ಅಲ್ಲಿಗೆ ಮೇಸ್ತ್ರಿ ಅಮ್ಮನನ್ನು ಬಿಟ್ಟು ನನ್ನ ಗಂಡನನ್ನು ಹಿಡಿದ. ಅವರೂ ಅದೇ ಡಿಪೋದಲ್ಲಿ ಕಟರ್. ನಾನು ಗೇಟಿನಲ್ಲಿ ಲಾರಿ ನಂಬರು ಬರೆದುಕೊಂಡು ಅಡ್ಡಗಂಬ ಎತ್ತಿ ಇಳಿಸುವವಳು. ಒಟ್ಟಿನಲ್ಲಿ ನಮ್ಮ ಮನೆಯ ಮೂರು ಹೊಟ್ಟೆಯೂ ಅದೇ ಡಿಪೋ ನಂಬಿಕೊಂಡಿದ್ದವು. ಒಂದು ಶನಿವಾರ ಇವರು ಎರಡು ಚೈನನ್ನು ಚೀಲದಲ್ಲಿ ಸುತ್ತಿಕೊಂಡು ಮನೆಗೆ ತಂದರು. ಭಾನುವಾರ ಮಧ್ಯಾಹ್ನ ಅಮ್ಮ ಸಂತೆಗೆ ಹೋಗಿದ್ದಾಗ, ಊಟದ ಮೇಜಿಗೆ ಚೈನು ಕಚ್ಚಿ ಹಿಡಿಯುವ ಇಕ್ಕಳ ಬಿಗಿದು, ಕೂತು ಹಲ್ಲನ್ನೂ ದಿಬ್ಬವನ್ನೂ ಉಜ್ಜತೊಡಗಿದರು.

'ಏನ್ರೀ ಇದು?'

'ಮೇಸ್ತ್ರಿ ಕೊಟ್ಟಿದ್ದಾರೆ. ಅಳಿಯ ಮಾಡಿದ್ರೆ ಅರದಕ್ಕ ಮಾಡಿದ ಹಾಗೇ ಅಂದ್ರು.'

'ಅಮ್ಮಂಗೆ ಗೊತ್ತಾ?'

'ಗೊತ್ತಾಗೋದು ಬೇಡ ಬಿಡು. ಸುಮ್ನೆ ರಾದ್ಧಾಂತ.'

ನಾನೇನು ಮಾಡಿದೆ? ಎದ್ದು ಚೈನು ಕಸಿದುಕೊಂಡೆನೇ? ಇಲ್ಲ. ಕಬ್ಬಿಣದ ಪುಡಿ ಮೇಜಿಗೆ ಬೀಳದಿರಲಿ ಎಂದು ಹಳೆಯ ಪೇಪರು ಹಾಸಿಕೊಟ್ಟೆ. ಅದನ್ನು ನೆನೆದರೆ ನನ್ನ ಕೈಗೆ ನಾನೇ ಬಾರಿಸಿಕೊಳ್ಳೋಣ ಅನ್ನಿಸುತ್ತದೆ. ಇಂಥ ಅಮ್ಮನ ಮಗಳಾಗಿ ಹುಟ್ಟಿ, ಅಳತೆಪಟ್ಟಿ ಹಿಡಿದು ಆಡಿ ಬೆಳೆದವಳು ನಾನು.

ಒಂದು ಚೈನನ್ನು ಇವರು ತಮ್ಮ ಗರಗಸಕ್ಕೆ ಹಾಕಿಕೊಂಡರು. ಇನ್ನೊಂದನ್ನು ಮೇಸ್ತ್ರಿ ಗಡಿಯಾರನಿಗೆ ಕೊಟ್ಟ. ಐದು ನಿಮಿಷಕ್ಕೊಮ್ಮೆ ಟೈಮೆಷ್ಟು ಎಂದು ಕೇಳುವ ಆ ಕಟರಿಗೆ ಬೇರೆ ಹೆಸರೇ ಉಳಿದಿಲ್ಲ. ಬುಧವಾರ ಹನ್ನೊಂದು ಗಂಟೆಗೆ ಅವನ ಬಾರಿನ ಮೂತಿ, ಎಲೆಯ ಮರೆಯಲ್ಲಿದ್ದ ಒಂದು ಕೊಂಬೆಗೆ ತಗುಲಿತು. ಗರಗಸ ಒದೆಯಿತು. ಹೆಲ್ಮೆಟ್ಟಿನಿಂದ ಮುಖದ ಮುಂದೆ ಇಳಿದಿದ್ದ ಜಾಲರಿಯನ್ನು ಮುರಿದು, ಎಡಭುಜಕ್ಕೆ ಇಳಿಯಿತು. ಅವನ ಮಣಿಕಟ್ಟು ತಾಗಿ ಚೈನ್ ಬ್ರೇಕು ಬಿತ್ತು, ಚೈನು ಅಲ್ಲೇ ನಿಂತಿತು. ಹದಿಮೂರು ಹೊಲಿಗೆಯಲ್ಲಿ ಮುಗಿಯಿತು. ಆ ಬ್ರೇಕನ್ನು ಸೋಮವಾರ ಬೆಳಿಗ್ಗೆ ಬಿಚ್ಚಿ, ಹೊಟ್ಟು ತೆಗೆದು, ಮೂರು ಸಲ ಒತ್ತಿ ನೋಡಿದವಳು ನಮ್ಮಮ್ಮ. ಚೈನನ್ನು ಮಾತ್ರ ಮೇಸ್ತ್ರಿ ಆಮೇಲೆ ಬದಲಾಯಿಸಿ ಹಾಕಿಸಿದ್ದ. ಬೆಂಚಿನಿಂದ ಎದ್ದ ಗರಗಸವನ್ನು ಮತ್ತೆ ಯಾರೂ ನೋಡುತ್ತಿರಲಿಲ್ಲ.

ಗಡಿಯಾರನನ್ನು ಆಸ್ಪತ್ರೆಗೆ ಕಳಿಸಿದ ಒಂದು ಗಂಟೆಯೊಳಗೆ ಮೇಸ್ತ್ರಿ ಅಮ್ಮನ ತಲೆಯ ಮೇಲೆ ಗೂಬೆ ಕೂರಿಸಲು ಕಾಗದ ತಯಾರು ಮಾಡಿದ್ದ. ಸಹಿ ಹಾಕದೆ ಪೆನ್ನು ಜೇಬಿಗಿಟ್ಟ ಕಥೆ ಆಗಲೇ ಹೇಳಿದೆ. ಅಮ್ಮ ಆಗಿನ್ನೂ ಆ ಚೈನನ್ನು ನೋಡಿರಲಿಲ್ಲ. 'ನನ್ನ ಕೈಯಲ್ಲಿ ಅಂಥದು ಆಗಲ್ಲ. ಶನಿವಾರ ಯಜಮಾನರ ಮುಂದೆ ಡಿಪೋದ ಹನ್ನೆರಡು ಗರಗಸದ ಚೈನೂ ತರಿಸಿ, ಅಳೆದು ತೋರಿಸ್ತೀನಿ' ಅಂದಳು.

ಆ ಮೂರು ದಿನ ನಮ್ಮ ಮನೆಯಲ್ಲಿ ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಇವರು ಅನ್ನ ಕಲಸಿ ಕಲಸಿ ಬಿಟ್ಟೇಳುತ್ತಿದ್ದರು. ನಿಜ ಹೇಳಿದರೆ ಇವರ ಕೆಲಸ ಹೋಗುತ್ತದೆ, ಹೇಳದಿದ್ದರೆ ಅಮ್ಮನ ಮಾನ ಹೋಗುತ್ತದೆ. ನಾನು ಬಾಯಿಗೆ ಬೀಗ ಹಾಕಿಕೊಂಡು ಲಾರಿ ನಂಬರು ಬರೆದೆ.

ಶನಿವಾರ ಯಜಮಾನರ ಕೋಣೆಗೆ ಎಲ್ಲರೂ ಬಂದರು. ಗಡಿಯಾರ ಕೂಡ ಕೈಯನ್ನು ಬಟ್ಟೆಯ ಜೋಳಿಗೆಯಲ್ಲಿ ತೂಗಿಸಿಕೊಂಡು ಬಂದ. ಅಮ್ಮ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ ಒಂದೊಂದೇ ಚೈನನ್ನು ಅಳೆದಳು. ಪಟ್ಟಿ ಇಡುವುದು, ಯಜಮಾನರಿಗೆ ತೋರಿಸುವುದು, ಸರಿ ಅನ್ನುವುದು. ಹತ್ತು ಚೈನು ಸರಿ. ಹನ್ನೊಂದನೆಯದು ಗಡಿಯಾರನದು, ತಗ್ಗು. 'ಇದು ನನ್ನ ಕೈಯಲ್ಲ' ಅಂದಳು. ಹನ್ನೆರಡನೆಯದನ್ನು ಎತ್ತಿಕೊಂಡಳು. ಅದೂ ತಗ್ಗು. ಅದು ಅಳಿಯನ ಗರಗಸದ್ದು.

ಅಮ್ಮ ಅದನ್ನು ಬೆಳಕಿಗೆ ಹಿಡಿದಳು. ಬಲಗಡೆಯ ಹಲ್ಲು ಗಿಡ್ಡ, ಎಡಗಡೆಯದು ಉದ್ದ. ಮದುವೆಯಾದ ಹೊಸದರಲ್ಲಿ ಇವರಿಗೆ ಅರ ಹಿಡಿಯುವುದನ್ನು ಕಲಿಸುವಾಗ, 'ಎರಡೂ ಕಡೆ ಲೆಕ್ಕ ಹಾಕಿ ಒಂದೇ ಸಮ ಎಳೀರಿ' ಎಂದು ತಿಂಗಳುಗಟ್ಟಲೆ ಬೈದಿದ್ದಳು. ಇವರಿಗೆ ಅದು ಬರಲೇ ಇಲ್ಲ. ಅಮ್ಮ ಒಂದು ಸಲ ಅಳಿಯನನ್ನು ನೋಡಿದಳು, ಒಂದು ಸಲ ನನ್ನನ್ನು. ಆಮೇಲೆ ಚೈನನ್ನು ಮೆಲ್ಲಗೆ ಕೆಳಗಿಟ್ಟಳು.

ಮೇಸ್ತ್ರಿಗೆ ಅಷ್ಟೇ ಸಾಕಾಯಿತು. 'ನೋಡಿ ಯಜಮಾನ್ರೇ! ಸ್ವಂತ ಅಳಿಯನ ಚೈನೂ ಹಾಗೇ ಇದೆ. ಅವನಿಗೆ ಇವಳಲ್ಲದೆ ಇನ್ಯಾರು ಉಜ್ಜಿಕೊಡ್ತಾರೆ?'

ಅಮ್ಮ ಬಟ್ಟೆ ಮಡಿಸತೊಡಗಿದಳು. 'ಹೋಗ್ಲಿ ಬಿಡಿ. ಬೆಂಚು ಖಾಲಿ ಮಾಡ್ತೀನಿ. ಸಹಿ ಮಾತ್ರ ಸತ್ರೂ ಹಾಕಲ್ಲ.'

ಹೋಗ್ಲಿ ಬಿಡಿ! ನನ್ನ ಜನ್ಮದಲ್ಲಿ ಅವಳ ಬಾಯಲ್ಲಿ ಆ ಮಾತು ಕೇಳಿರಲಿಲ್ಲ. ತರಕಾರಿಯವನ ಹತ್ತಿರ ಒಂದು ಕೊಳೆತ ಬದನೆಕಾಯಿಗೂ ಬಿಡದವಳು, ನನ್ನ ಸಂಸಾರ ಉಳಿಯಲಿ ಎಂದು ಇಪ್ಪತ್ತೆರಡು ವರ್ಷ ಕಾಪಾಡಿಕೊಂಡ ಹೆಸರನ್ನು ಬಿಟ್ಟು ಹೊರಟಿದ್ದಳು. ನನಗೆ ದುಃಖವಾಗಲಿಲ್ಲ, ರೇಗಿತು. ಮೇಸ್ತ್ರಿಯ ಮೇಲೆ, ಇವರ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ಪೇಪರು ಹಾಸಿಕೊಟ್ಟ ನನ್ನ ಮೇಲೆ.

'ನಿಲ್ಲಮ್ಮ' ಅಂದೆ. 'ಯಜಮಾನ್ರೇ, ಆ ಎರಡು ಚೈನು ಉಜ್ಜಿದ್ದು ನಮ್ಮನೆ ಊಟದ ಮೇಜಿನ ಮೇಲೆ. ಉಜ್ಜಿದ್ದು ನನ್ನ ಗಂಡ. ಕೊಟ್ಟು ಕಳಿಸಿದ್ದು ಈ ಮೇಸ್ತ್ರಿ. ನೋಡ್ತಾ ನಿಂತಿದ್ದು ನಾನು.'

'ಏಯ್, ನಿನ್ನ ಯಾರು ಕೇಳಿದ್ರೇ?' ಎಂದು ಮೊದಲು ಕೂಗಿದವಳು ಅಮ್ಮನೇ.

'ಯಾರೂ ಕೇಳಲಿಲ್ಲ. ಅದಕ್ಕೇ ಹೇಳ್ತಿದ್ದೀನಿ.'

ಮೇಸ್ತ್ರಿ, 'ಅಮ್ಮ ಮಗಳು ಸೇರಿ ನಾಟಕ ಕಟ್ತಿದ್ದಾರೆ' ಅಂದ. ಎಲ್ಲರೂ ನನ್ನ ಗಂಡನ ಕಡೆ ತಿರುಗಿದರು. ಇವರ ಮುಖ ಸುಣ್ಣ ಬಳಿದ ಹಾಗಾಗಿತ್ತು. ಇಲ್ಲ ಅಂದುಬಿಡುತ್ತಾರೆ ಎಂದುಕೊಂಡೆ. ಹಾಗಂದಿದ್ದರೆ ಆ ಮನೆಗೆ ನಾನು ವಾಪಸು ಹೋಗುತ್ತಿರಲಿಲ್ಲ, ಇದು ಸತ್ಯ.

'ಹೌದು. ನಾನೇ' ಅಂದರು. ಗಡಿಯಾರನ ಭುಜ ನೋಡಿ, 'ತಪ್ಪಾಯ್ತು ಕಣೋ' ಅಂದರು.

ಗಡಿಯಾರ ಭುಜದ ಕಟ್ಟು ಸರಿಮಾಡಿಕೊಂಡ. 'ನಿನ್ನ ಲೆಕ್ಕ ಆಮೇಲೆ ನೋಡ್ಕೋತೀನಿ' ಅಂದು ಯಜಮಾನರ ಕಡೆ ತಿರುಗಿದ. 'ಕೊಡುವಾಗ ಮೇಸ್ತ್ರಿ ಇದು ಸ್ಪೆಷಲ್ಲು, ಅರದಕ್ಕಂಗೆ ತೋರಿಸ್ಬೇಡ ಅಂದಿದ್ರು. ನಾನೊಬ್ಬ ಬೆಪ್ಪ, ಖುಷಿಯಾಗಿ ಹಾಕಿಸ್ಕೊಂಡೆ.'

ಯಜಮಾನರು ಕಾಗದವನ್ನು ಎರಡಾಗಿ ಹರಿದರು. ಆಮೇಲೆ ಎಲ್ಲ ಯಜಮಾನರೂ ಮಾಡುವುದನ್ನೇ ಮಾಡಿದರು. ಆದದ್ದು ಆಯಿತು, ಎಲ್ಲರೂ ಮರೆತು ಸೋಮವಾರದಿಂದ ಕೆಲಸಕ್ಕೆ ಬನ್ನಿ, ಅಂದರು. ಮೇಸ್ತ್ರಿಗೆ ಹೋದ ಜೀವ ಬಂತು.

'ಮರೆಯೋದಾ?' ಅಂದಳು ಅಮ್ಮ. 'ಇನ್ಮೇಲೆ ನನ್ನ ಕೈಗೆ ಬರದೆ ಒಂದು ಗರಗಸವೂ ಗೇಟು ದಾಟಬಾರ್ದು. ದಿನಾ ಬೆಳಿಗ್ಗೆ, ಹನ್ನೆರಡಕ್ಕೆ ಹನ್ನೆರಡೂ.'

'ಯೋಚನೆ ಮಾಡೋಣಮ್ಮ.'

'ನೀವು ನಿಧಾನಕ್ಕೆ ಯೋಚನೆ ಮಾಡಿ ಸ್ವಾಮಿ' ಎಂದು ಅಮ್ಮ ಹೊರಗೆ ಬಂದಳು. ಮನೆಯವರೆಗೂ ನನಗೆ ಬೈದಳು. ಮನೆಯೊಳಗೆ ಹೋದ ಮೇಲೆ ಇನ್ನೊಂದು ಗಂಟೆ, ಪೇಪರು ಹಾಸಿದ್ದಕ್ಕೆ ಬೇರೆಯಾಗಿ ಬೈದಳು.

ಸೋಮವಾರ ಏಳು ಗಂಟೆಗೆ ನೋಡಿದರೆ ಅವಳ ಬೆಂಚು ಶೆಡ್ಡಿನಲ್ಲಿರಲಿಲ್ಲ. ಗೇಟಿನ ಪಕ್ಕ, ನನ್ನ ಗೂಡಿಗೆ ಅಂಟಿಕೊಂಡು ನಿಂತಿತ್ತು. ಒಬ್ಬಳೇ ಹೇಗೆ ಎಳೆದು ತಂದಳೋ ತಿಳಿಯದು. ಕಟರುಗಳನ್ನು ಹತ್ತಿಸಿಕೊಂಡು ಲಾರಿ ಬಂತು. ಮೇಸ್ತ್ರಿ ಮುಂದಿನ ಸೀಟಿನಿಂದ, 'ಕಂಬ ಎತ್ತೇ!' ಎಂದು ಗದರಿದ. ಹಗ್ಗ ನನ್ನ ಕೈಯಲ್ಲಿತ್ತು. ಎತ್ತಲಿಲ್ಲ. ಹಾರ್ನು ಹೊಡೆಸಿದ, ಯಜಮಾನರಿಗೆ ಹೇಳುತ್ತೇನೆ ಅಂದ. 'ಹೇಳ್ಕೊಂಡು ಬನ್ನಿ, ಅಲ್ಲೀವರೆಗೂ ಇಲ್ಲೇ ಇರ್ತೀನಿ' ಅಂದೆ. ಲಾರಿಯ ಹಿಂದಿನಿಂದ ನನ್ನ ಗಂಡ ತಮ್ಮ ಗರಗಸ ಹಿಡಿದುಕೊಂಡು ಇಳಿದು ಬಂದು ಬೆಂಚಿನ ಮುಂದೆ ನಿಂತರು. ಅವರ ಹಿಂದೆ ಇನ್ನೊಬ್ಬ ಇಳಿದ, ಮತ್ತೊಬ್ಬ ಇಳಿದ.

ಅಮ್ಮ ಬ್ರೇಕು ಒತ್ತಿ ನೋಡಿದಳು. ಎಣ್ಣೆ ನೋಡಿದಳು. ಹೊಸ ಚೈನಿನ ದಿಬ್ಬ ಅಳೆದಳು. ಕೈಗವಸು ಹಾಕಿಕೊಂಡು ಚೈನನ್ನು ಬಾರಿನ ಮೇಲೆ ಎಳೆದು ನೋಡಿದಳು. ಬಾರಿನ ಹೊಟ್ಟೆಯ ಕೆಳಗೆ ಚೈನು ಒಂದಿಷ್ಟು ಜೋತಿತ್ತು.

'ಸಡಿಲ' ಅಂದಳು.

'ಸ್ಕ್ರೂ ಅರ್ಧ ಸುತ್ತು ತಿರುಗಿಸಿದ್ರೆ ಸಾಕು ಅತ್ತೆ. ಅಲ್ಲಿ ಹೋಗಿ ಬಿಗಿ ಮಾಡ್ಕೋತೀನಿ. ಲಾರಿ ಕಾಯ್ತಿದೆ.'

ಅಮ್ಮ ಗರಗಸವನ್ನು ಅವರ ಕಡೆ ತಳ್ಳಿದಳು. 'ಲಾರಿಗಳು ಬೇಕಾದಷ್ಟಿವೆ ಅಳಿಯಂದಿರೇ. ನನ್ನ ಮಗಳಿಗೆ ಗಂಡ ಒಬ್ಬನೇ. ಇಲ್ಲೇ ಬಿಗಿ ಮಾಡಿ.'