ಎರಡನೆಯ ಸಲ ನೂಕಿದ ಬಾಗಿಲು

ಕಲಾವತಿ, ನಿನ್ನ ಬಲಗೈಯ ಬೆರಳು ಮುರಿದವಳು ನಾನು, ನಿನ್ನ ಅಣ್ಣನ ಹೆಂಡತಿ. ಇದು ನಿನಗೆ ಗೊತ್ತಿದ್ದದ್ದೇ. ಗೊತ್ತಿಲ್ಲದ್ದು ಇನ್ನೊಂದಿದೆ— ಬಾಗಿಲನ್ನು ನಾನು ಎರಡು ಸಲ ನೂಕಿದೆ. ಮೊದಲ ಸಲ ಸಿಟ್ಟಿನ ಭರದಲ್ಲಿ, ನಿನ್ನ ಕೈ ಕಾಣದೆ. ಎರಡನೆಯ ಸಲ ಚೌಕಟ್ಟಿನ ಸಂದಿಯಲ್ಲಿ ನಿನ್ನ ನಾಲ್ಕೂ ಬೆರಳು ಕಾಣುತ್ತಿದ್ದವು. ನೋಡಿಯೇ ನೂಕಿದೆ. ಹೆಗಲು ಕೊಟ್ಟು ನೂಕಿದೆ.

ನಿನ್ನ ಅಣ್ಣನಿಗೆ ಇವತ್ತಿಗೂ ತಿಳಿಯದು. ಗಾಳಿಗೆ ಬಾಗಿಲು ಬಡಿಯಿತು ಎಂದು ನಾನು ಹೇಳಿದ್ದನ್ನೇ ಅವರು ನಂಬಿಕೊಂಡಿದ್ದಾರೆ.

ಆಗ ನನ್ನ ತಲೆಯಲ್ಲಿ ಸ್ವಂತ ಮನೆಯ ಹುಚ್ಚು ಹೊಕ್ಕಿತ್ತು. ಮದುವೆಯಾಗಿ ಪುಣೆಗೆ ಹೋದಾಗಿನಿಂದ ಬಾಡಿಗೆ ಮನೆಗಳೇ. ಹನ್ನೊಂದು ತಿಂಗಳ ಕರಾರು ಮುಗಿದರೆ ಗಂಟುಮೂಟೆ ಕಟ್ಟಬೇಕು. ಊರಿಂದ ಯಾರಾದರೂ ಬಂದರೆ ಮಾಲೀಕನಿಗೆ ಮೊದಲೇ ತಿಳಿಸಬೇಕು. ಒಬ್ಬ ಮಾಲೀಕನಂತೂ ಗೋಡೆಯ ಮೇಲೆ ಗೀಚಿದಳೆಂದು ನನ್ನ ಮಗಳ ಕೆನ್ನೆಗೆ ನನ್ನೆದುರಿಗೇ ಬಾರಿಸಿದ. ನಾನು ಗೋಡೆ ಒರೆಸಿದೆ. ಅಲ್ಲಿಂದ ಮುಂದೆ ರವಿವಾರ ಬಂತೆಂದರೆ ಫ್ಲಾಟು ನೋಡಲು ಅಲೆದೆವು. ಕೊನೆಗೆ ಊರಾಚೆ, ಆರನೆಯ ಮಹಡಿಯಲ್ಲಿ ಎರಡು ಕೋಣೆಯ ಮನೆಯೊಂದು ಮನಸ್ಸಿಗೆ ಬಂತು. ಮುಂಗಡ ಕಟ್ಟಲು ನಿನ್ನ ತವರೂರು ಸಂಖದ ಹೊಲ, ಮನೆ ಎರಡನ್ನೂ ಮಾರದೆ ದಾರಿಯಿರಲಿಲ್ಲ. ಮಾರಬೇಕಾದರೆ ನೀನು ಹಕ್ಕಸೋಡ ಪತ್ರ ಕೊಡಬೇಕು— ತವರಿನ ಆಸ್ತಿಯಲ್ಲಿ ನನಗೆ ಪಾಲು ಬೇಡ ಎಂದು. ನಮ್ಮ ಕಡೆ ತಂಗಿಯ ಉಡಿ ತುಂಬಿ, ಸೀರೆ ಕೊಟ್ಟು ಅದನ್ನು ಬರೆಸಿಕೊಳ್ಳುತ್ತಾರೆ. ನಾನೂ ಸೀರೆ ತಂದಿದ್ದೆ, ಹಸಿರು ಇಳಕಲ್ಲು.

ಅವತ್ತು ಮುಂಜಾನೆ ನಿನ್ನ ಅಣ್ಣ ಜೀಪು ಗೊತ್ತುಮಾಡಲು ಹೋಗಿದ್ದರು. ನೀನು ಸಂಖದ ಮನೆಯ ಪಡಸಾಲೆಯಲ್ಲಿ ಕುಳಿತು, ಮರಾಠಿಯಲ್ಲಿದ್ದ ಪತ್ರವನ್ನು ಬೆರಳಿಟ್ಟು ಸಾಲು ಸಾಲಾಗಿ ಓದಿದೆ. ಓದಿ ಮುಗಿಸಿ ತಲೆಯೆತ್ತಿದೆ.

“ವೈನಿ, ಇದರಾಗ ಮನೀನೂ ಬರದಾರಲ್ರಿ. ಹೊಲಾ ತಗೋರಿ, ನಾ ಏನೂ ಅನ್ನಂಗಿಲ್ಲ. ರಸ್ತಾದ ಕಡಿ ಖೋಲಿ ಒಂದ ನನಗ ಬಿಡ್ರಿ. ಹೊಲಿಗಿ ಮಿಷನ್ ಹಾಕ್ಕೊಂಡ ಕುಂದ್ರತೀನಿ. ನಾನೂ ಬಾಡಿಗಿ ಮನ್ಯಾಗ ಅದೀನ್ರಿ.”

ಗಂಡ ಬಿಟ್ಟುಹೋದ ಮೇಲೆ ಜತ್ತದಲ್ಲಿ ಒಂದು ಕೋಣೆ ಹಿಡಿದು, ಕುಬಸ ಹೊಲಿದು ಮಗಳನ್ನು ಸಾಕುತ್ತಿದ್ದವಳು ನೀನು. ನೀನು ಕೇಳಿದ್ದು ನ್ಯಾಯವಾಗಿಯೇ ಇತ್ತು. ಆದರೆ ಕೊಳ್ಳುವವನಿಗೆ ಬೇಕಾಗಿದ್ದೂ ರಸ್ತೆಯ ಕಡೆಯ ಆ ಜಾಗವೇ. ನೀನು ‘ನಾನೂ’ ಎಂದದ್ದೇ ತಡ, ನನ್ನ ಮೈಯೆಲ್ಲ ಉರಿದುಹೋಯಿತು. ನಿನ್ನ ಜಡೆ ಹಿಡಿದು ಎಳೆದೆ. ಎರಡೂ ಕೆನ್ನೆಗೆ ಹೊಡೆದೆ. ಬಿದ್ದವಳ ಬೆನ್ನಿಗೆ ಒದ್ದೆ. ನೀನು ಎದ್ದು ಒಳಕೋಣೆಗೆ ಓಡಿ, ಚೌಕಟ್ಟು ಹಿಡಿದು ತಿರುಗಿ ನೋಡಿದೆ— ಆಗಲೇ ನಾನು...

ನಿನ್ನ ಕೂಗನ್ನು ಬರೆಯಲಾರೆ. ಎರಡು ಉಗುರು ಕಿತ್ತುಬಂದಿದ್ದವು. ಆಗಲೂ ನನಗೆ ಕರುಣೆ ಬರಲಿಲ್ಲ, ಜೀಪಿನ ಸಪ್ಪಳ ಕೇಳಿ ಹೆದರಿಕೆ ಬಂತು. ನಿನ್ನ ಎಡಗೈ ತಿರುವಿ ಹಿಡಿದು ಹೇಳಿದೆ: “ಒಲ್ಲೆ ಅಂದ್ರ ಈ ಕೈನೂ ಉಳ್ಯಂಗಿಲ್ಲ. ಅಣ್ಣಗ ಹೇಳಿದೀ ಅಂದ್ರ ತವರಮನಿ ಮರತಬಿಡು.”

ಅರಿಶಿನ ಒತ್ತಿ, ಹಳೆಯ ಧೋತರ ಹರಿದು ಸುತ್ತಿದೆ. ನಿನ್ನ ಅಣ್ಣನ ಎದುರಿಗೆ ಉಡಿಯನ್ನೂ ತುಂಬಿದೆ! ನೀನು ಎಡಗೈಯಲ್ಲಿ ಸೆರಗು ಹಿಡಿದು ನಿಂತಿದ್ದೆ. ಅಕ್ಕಿಯ ಮೇಲೆ ರಕ್ತದ ಹನಿ ಬಿತ್ತು. ಅಷ್ಟು ಕಾಳನ್ನು ಆರಿಸಿ ತೆಗೆದು ಉಳಿದದ್ದನ್ನು ನಿನ್ನ ಉಡಿಗೆ ಹಾಕಿದೆ. ದವಾಖಾನೆಗೆ ಮೊದಲು ಹೋಗೋಣ ಎಂದು ಅವರು ಅಂದರೆ, ಬರೀ ಜಜ್ಜಿದೆ, ಕಚೇರಿ ಮುಗಿಸಿಯೇ ಹೋದರಾಯಿತು ಎಂದೆ.

ಜತ್ತದ ನೋಂದಣಿ ಕಚೇರಿಯಲ್ಲಿ ಅವರು ಝೆರಾಕ್ಸ್ ಮಾಡಿಸಲು ಹೊರಗೆ ಹೋದಾಗ ಗುಮಾಸ್ತ ನಿನ್ನ ಕೈ ನೋಡಿ, ಸಹಿ ಹೇಗೆ ಮಾಡುತ್ತೀರಿ ಎಂದ. ನೀನು ಬಾಯಿ ತೆರೆಯುವ ಮೊದಲೇ ನಾನು ಅಂದೆ: “ಆಕಿಗಿ ಓದ್ಲಾಕ ಬರ್ಲಾಕ ಬರೂದಿಲ್ರಿ. ಅಂಗಠಾ ತಗೋರಿ.” ಹತ್ತನೆಯ ಇಯತ್ತೆ ಪಾಸಾದವಳು ನೀನು. ಎಡಗೈಯ ಹೆಬ್ಬೆರಳನ್ನು ಮಸಿಗೆ ಒತ್ತಿದೆ, ನನ್ನತ್ತ ನೋಡಲಿಲ್ಲ.

ಆ ಎರಡು ಬೆರಳು ಮತ್ತೆ ಮಡಚಲಿಲ್ಲ. ಹೊಲಿಗೆ ಹೋಯಿತು. ಈಗ ನೀನು ಮಂದಿಯ ಮನೆಯ ಮುಸುರೆ ತಿಕ್ಕುತ್ತೀ. ಮೊನ್ನೆ ಫೋನಿನಲ್ಲಿ ಕೇಳಿದೆಯಲ್ಲ, “ಹೊಸಾ ಮನ್ಯಾಗ ಗಾಳಿ ಬೆಳಕ ಚಲೋ ಐತೇನ್ರಿ, ವೈನಿ?” ದನಿಯಲ್ಲಿ ಕೊಂಕಿರಲಿಲ್ಲ. ಹೂಂ ಎಂದೆ. ನೀನು ನನ್ನನ್ನು ಬೈದು ಶಪಿಸಿದ್ದರೆ ಆಗುತ್ತಿತ್ತು— ಇಲ್ಲ, ಅದನ್ನು ಬಯಸುವುದೂ ನನ್ನ ಸ್ವಾರ್ಥವೇ.

ನನ್ನ ಮಗಳಿಗೆ ಹೊಡೆದವನು ಆ ಮಾಲೀಕ. ಅವನೆದುರು ಉಸಿರೆತ್ತದ ನಾನು ಕೈಮಾಡಿದ್ದು ನಿನ್ನ ಮೇಲೆ. ಇದಕ್ಕೆ ಕ್ಷಮೆ ಕೇಳುವ ಮುಖ ನನಗಿಲ್ಲ.

ಈ ಪತ್ರವನ್ನು ಮೊದಲು ನಿನ್ನ ಅಣ್ಣನಿಗೆ ಓದಿ ಹೇಳುತ್ತೇನೆ. ಸೋಮವಾರ ಜತ್ತಕ್ಕೆ ಬರುತ್ತೇನೆ. ಹೊಡೆದು ಬೆದರಿಸಿ ಒತ್ತಿಸಿದ ಹೆಬ್ಬೆಟ್ಟು ಅದು ಎಂದು ವಕೀಲರ ಮುಂದೆ ಬರೆದು, ನನ್ನ ಸಹಿ ಹಾಕಿ ನಿನ್ನ ಕೈಗೆ ಕೊಡುತ್ತೇನೆ. ಅದನ್ನು ಹಿಡಿದು ನೀನು ಪೊಲೀಸರ ಹತ್ತಿರ ಹೋಗು, ಕೋರ್ಟಿಗೆ ಹೋಗು. ನಾನು ಅಡ್ಡ ಬರುವುದಿಲ್ಲ. ಈ ಫ್ಲಾಟು ಹೋದರೆ ಹೋಗಲಿ. ಹೋದರೂ ನಿನ್ನ ಬೆರಳು ಮಡಚುವುದಿಲ್ಲ, ಅದು ನನಗೆ ಗೊತ್ತಿದೆ.