ಬದುಕಿರುವವಳಿಗೆ ಒಂದು ನಿಮಿಷದ ಮೌನ

ಹೋದ ವರ್ಷ ನಮ್ಮ ಹೈಸ್ಕೂಲಿನವರ ವಾಟ್ಸಾಪ್ ಗ್ರೂಪಿನಲ್ಲಿ ನನ್ನ ಗೆಳತಿಯನ್ನು ಸಾಯಿಸಿಬಿಟ್ಟರು. ಬೇಕೆಂದು ಮಾಡಿದ್ದಲ್ಲ. ಬೇಕೆಂದು ಮಾಡಿದ್ದರೆ ನೇರವಾಗಿ ಹೋಗಿ ಜಗಳವಾಡಿ ಬರಬಹುದಿತ್ತು, ನನಗೆ ಅದು ಬರುತ್ತದೆ. ಇವರು ಮಾಡಿದ್ದು ಒಂದು ಸಾಲು ಓದುವ ತಾಳ್ಮೆ ಇಲ್ಲದೆ. ಅಂಥವರ ಜೊತೆ ಜಗಳವಾಡುವುದು ಹೇಗೆಂದು ಅರವತ್ತು ದಾಟಿದರೂ ನನಗೆ ಗೊತ್ತಾಗಿಲ್ಲ.

ಅವಳೂ ನಾನೂ ಹೈಸ್ಕೂಲಿನ ಮೂರು ವರ್ಷವೂ ಒಂದೇ ಬೆಂಚಿನಲ್ಲಿ ಕೂತವರು. ಬೆಳಗಿನ ಪ್ರಾರ್ಥನೆ ಹೇಳಿಕೊಡುತ್ತಿದ್ದವಳು ಅವಳು. ಅವಳಿಗೆ ನೆಗಡಿಯಾದ ದಿನ ಇಡೀ ಶಾಲೆ ಶ್ರುತಿ ಬಿಟ್ಟು ಕೂಗುತ್ತಿತ್ತು. ಎಸ್ಸೆಸ್ಸೆಲ್ಸಿ ಆದಮೇಲೆ ನಾನು ಟೈಪಿಂಗ್ ಕಲಿತು ಸರ್ಕಾರಿ ಕಚೇರಿ ಸೇರಿದೆ, ಅವಳು ಅಶೋಕಪುರಂನಲ್ಲಿ ಅಂಗನವಾಡಿ ಟೀಚರಾದಳು. ನಾನು ಮದುವೆಯಾಗಿ ಬಂದದ್ದು ವಿದ್ಯಾರಣ್ಯಪುರಂಗೆ. ಎರಡೂ ಹತ್ತಿರ ಹತ್ತಿರ, ಹಾಗಾಗಿ ನಮ್ಮ ಮಾತುಕತೆ ಯಾವತ್ತೂ ನಿಂತಿಲ್ಲ. ಅವಳ ಗಂಡ ರೈಲ್ವೆಯಲ್ಲಿ ಕೆಲಸದಲ್ಲಿದ್ದವರು, ಮಾತು ಕಡಿಮೆ. ಸಂಜೆ ಅವಳು ಒಳಗೆ ಕೆಲಸ ಮಾಡುತ್ತಾ ಹಾಡಿಕೊಂಡರೆ ಅವರು ಹೊರಗೆ ಜಗಲಿಯಲ್ಲಿ ಕೂತು ತೊಡೆ ತಟ್ಟುತ್ತಿದ್ದರು. ತಾಳ ಯಾವಾಗಲೂ ತಪ್ಪೇ. "ನಿಮ್ ತಾಳಕ್ಕೆ ನನ್ ಹಾಡು ಕುಂಟ್ತದೆ ಕಣ್ರೀ" ಎಂದು ಅವಳು ಬೈದರೂ ತಟ್ಟುವುದನ್ನು ಬಿಡುತ್ತಿರಲಿಲ್ಲ.

ಆ ಮನುಷ್ಯ ಹೋದ ವರ್ಷ ಎದೆನೋವು ಎಂದು ಕೂತವರು ಮತ್ತೆ ಏಳಲಿಲ್ಲ. ಆಮೇಲೆ ಅವಳು ಹಾಡುವುದನ್ನು ಬಿಟ್ಟಳು. ಅಳು ನಿಂತಿತು, ಅಡುಗೆ ಶುರುವಾಯಿತು, ಮೊಮ್ಮಗಳನ್ನು ಸ್ಕೂಲಿಗೆ ಬಿಟ್ಟು ಬರುವುದು ಶುರುವಾಯಿತು, ಹಾಡು ಮಾತ್ರ ಬರಲಿಲ್ಲ. ಕೇಳಿದರೆ "ಗಂಟ್ಲು ಕಟ್ಕೊಂಡದೆ, ಬುಡು" ಎನ್ನುತ್ತಿದ್ದಳು. ಅವಳು ಇನ್ನೊಮ್ಮೆ ಬಾಯಿ ತೆರೆದು ಹಾಡಬೇಕು, ನಾನು ಕೇಳಬೇಕು ಎನ್ನುವುದು ನನಗೊಂದು ಹಟವಾಗಿಬಿಟ್ಟಿತ್ತು.

ಅವರು ತೀರಿಕೊಂಡ ಸುದ್ದಿಯನ್ನು ಗ್ರೂಪಿಗೆ ಹಾಕಿದ್ದು ನಮ್ಮ ಕ್ಲಾಸಿನ ಒಬ್ಬ ಪುಣ್ಯಾತ್ಮ. ನನ್ನ ಗೆಳತಿಯ ಬಳಿ ದೊಡ್ಡ ಫೋನಿಲ್ಲ, ಗ್ರೂಪಿನಲ್ಲೂ ಅವಳಿಲ್ಲ. ಹೆಸರು ಹೇಳಿದರೆ ಗುರುತು ಸಿಗಲಿಕ್ಕಿಲ್ಲವೆಂದು ಆತ ಹತ್ತನೇ ಕ್ಲಾಸಿನ ಗ್ರೂಪ್ ಫೋಟೋದಲ್ಲಿ ಅವಳ ತಲೆಯ ಸುತ್ತ ಕೆಂಪಗೆ ಒಂದು ಸುತ್ತು ಎಳೆದು, ಕೆಳಗೆ 'ಇವರ ಪತಿ ನಿಧನರಾಗಿದ್ದಾರೆ' ಎಂದು ಬರೆದ. ನಮ್ಮವರು ಫೋಟೋ ನೋಡಿದರು, ಕೆಂಪು ಸುತ್ತು ನೋಡಿದರು, ಕೆಳಗಿನದನ್ನು ಓದಲಿಲ್ಲ. ಮೊದಲನೆಯವನು 'ಓಂ ಶಾಂತಿ' ಎಂದ. ಎರಡನೆಯವಳು 'ಎಂಥ ಕಂಠ, ಇಷ್ಟು ಬೇಗ ಹೋಗಬಾರದಿತ್ತು' ಎಂದಳು. ಅಲ್ಲಿಂದ ಮುಂದೆ ಯಾರೂ ಫೋಟೋದ ತನಕ ಹೋಗಲೇ ಇಲ್ಲ, ಹಿಂದಿನವರು ಅತ್ತದ್ದನ್ನು ನೋಡಿ ಮುಂದಿನವರು ಅತ್ತರು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ. ನಾನು ಕೂಡಲೇ ಬರೆದೆ: 'ತೀರಿಕೊಂಡದ್ದು ಗಂಡ. ಅವಳು ಬದುಕಿದ್ದಾಳೆ. ಯಾರಾದರೂ ಹೋಗಿ ಮಾತಾಡಿಸಿ ಬನ್ನಿ.' ಅದಕ್ಕೂ ಒಬ್ಬ ಕೈಮುಗಿಯುವ ಚಿತ್ರ ಹಾಕಿದ. ಮಾರನೆಯ ಬೆಳಿಗ್ಗೆ ಗುಲಾಬಿ ಹೂವಿನ ಶುಭೋದಯಗಳು ಒಂದರ ಮೇಲೊಂದು ಬಂದು ಬಿದ್ದು ನನ್ನ ಮಾತು ಅಡಿಗೆ ಹೋಯಿತು.

ಮಾತಾಡಿಸಲು ಯಾರೂ ಹೋಗಲಿಲ್ಲ. ನಮ್ಮವರು ಹೆಚ್ಚಾಗಿ ಇರುವ ಚಾಮರಾಜಪುರಂನಿಂದ ಅಶೋಕಪುರಂಗೆ ರೈಲಿನಲ್ಲಿ ಒಂದೇ ಸ್ಟೇಷನ್ನು. ಆದರೆ ದಲಿತರಿರುವ ಆ ಬೀದಿಗಳಿಗೆ ಹೋಗಿ ಬರುವ ರೂಢಿ ನಮ್ಮ ಕ್ಲಾಸಿನ ಹೆಚ್ಚಿನವರಿಗೆ ಆಗಲೂ ಇರಲಿಲ್ಲ, ಈಗಲೂ ಇಲ್ಲ. ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ನಾನು ಹೇಳುತ್ತೇನೆ.

ಈ ವರ್ಷ ಗುರುವಂದನೆ ಮಾಡೋಣವೆಂಬ ಮಾತು ಎದ್ದಿತು. ನಮ್ಮ ಜನ ಸುಮ್ಮನೆ ಒಂದು ಕಡೆ ಕೂತು ಕಾಫಿ ಕುಡಿದು ಹಳೆಯದನ್ನು ಮಾತಾಡಿಕೊಳ್ಳುವವರಲ್ಲ. ವೇದಿಕೆ ಬೇಕು, ಪೇಟ, ಶಾಲು, ಹಣ್ಣಿನ ಬುಟ್ಟಿ ಬೇಕು, ಎಲ್ಲಕ್ಕಿಂತ ಮೊದಲು ಫ್ಲೆಕ್ಸ್ ಬೇಕು. ಮುಂದಾಳು ನಮ್ಮ ಆಗಿನ ಕ್ಲಾಸ್ ಲೀಡರೇ. ಈಗ ಚಾಮರಾಜಪುರಂನಲ್ಲಿ ಅವನದೊಂದು ಪಾತ್ರೆ ಅಂಗಡಿ ಇದೆ. ಅವನು ಗ್ರೂಪಿಗೆ ಹಾಕಿದ ಫ್ಲೆಕ್ಸಿನ ನಮೂನೆಯಲ್ಲಿ ಮೇಲೆ ಗುರುಗಳು, ಗುರುಗಳಿಗಿಂತ ಸ್ವಲ್ಪ ದೊಡ್ಡದಾಗಿ ನಡುವೆ ಅವನು, ಕೆಳಗೆ 'ನಮ್ಮನ್ನಗಲಿದ ಸಹಪಾಠಿಗಳು' ಎಂದು ಒಂದು ಸಾಲು ಫೋಟೋ. ಆ ಸಾಲಿನ ಕೊನೆಯಲ್ಲಿ ಎರಡು ಜಡೆಯ ನನ್ನ ಗೆಳತಿ.

ನೋಡಿದವಳೇ ಅವನ ಅಂಗಡಿಗೆ ಹೋದೆ. ಹುಡುಗರೂ ಹುಡುಗಿಯರೂ ಒಬ್ಬರ ಮುಖ ಒಬ್ಬರು ನೋಡದ ಕ್ಲಾಸು ನಮ್ಮದು. ಹಾಗಾಗಿ ನಮಗೆ ಇವತ್ತಿಗೂ ನೀನು ಎನ್ನಬೇಕೋ ನೀವು ಎನ್ನಬೇಕೋ ಗೊತ್ತಾಗುವುದಿಲ್ಲ. ಅವನು ಒಂದು ಮಾತಿಗೆ ಅದು, ಒಂದು ಮಾತಿಗೆ ಇದು.

"ಬದುಕಿರೋರನ್ನ ಸತ್ತೋರ ಸಾಲಲ್ಲಿ ಕೂರ್ಸಿದೀರಲ್ರೀ" ಎಂದೆ.

"ಅಯ್ಯೋ, ಹೌದಾ? ಗ್ರೂಪಲ್ಲಿ ಎಲ್ರೂ ಓಂ ಶಾಂತಿ ಅಂದಿದ್ರಲ್ಲ ಕಣಮ್ಮ."

"ನಾನು ಬರ್ದಿದ್ದು ನೋಡ್ಲಿಲ್ವಾ?"

"ನೋಡ್ದೆ ಅನ್ಸುತ್ತೆ. ನೀವು ಯಾವಾಗ್ಲೂ ಏನಾದ್ರೂ ಬೈತಾನೇ ಇರ್ತೀರಲ್ಲ, ಅದೂ ಹಂಗೇ ಅನ್ಕೊಂಡ್ಬುಟ್ಟೆ."

ನನ್ನ ಮೈಯೆಲ್ಲ ಉರಿಯಿತು. ಅವನೋ ನಗುತ್ತಿದ್ದ. "ಫ್ಲೆಕ್ಸು ಪ್ರಿಂಟ್ ಆಗೋಗಿದೆ. ನೀನು ತಲೆ ಕೆಡಿಸ್ಕೋಬೇಡ, ಆ ಫೋಟೋ ಒಂದು ಏನಾದ್ರೂ ಮಾಡಿ ಮುಚ್ಚಿಸ್ತೀನಿ."

"ಮುಚ್ಚಿಸೋದಷ್ಟೇ ಅಲ್ಲ, ಪ್ರಾರ್ಥನೆ ಅವಳೇ ಹಾಡ್ಬೇಕು."

"ಧಾರಾಳವಾಗಿ ಹಾಡ್ಲಿ ಕಣಮ್ಮ. ಕಾರ್ಯಕ್ರಮದಲ್ಲಿ ಹೆಸ್ರು ಬರ್ಸ್ತೀನಿ."

ಅಲ್ಲಿಂದ ಸೀದಾ ಗೆಳತಿಯ ಮನೆಗೆ. ಅವಳು ಸೊಪ್ಪು ಬಿಡಿಸುತ್ತಾ ಕೂತಿದ್ದಳು. ಅದುವರೆಗೆ ಮುಚ್ಚಿಟ್ಟಿದ್ದ ಗ್ರೂಪಿನ ಕಥೆಯನ್ನೆಲ್ಲ ಹೇಳಿದೆ. ಅವಳು ನಕ್ಕಳು. ಸೊಪ್ಪಿನ ಕೈಯಲ್ಲೇ ಕಣ್ಣೊರೆಸಿಕೊಳ್ಳುತ್ತಾ ನಕ್ಕಳು. "ನಾನ್ ಸತ್ತಿವ್ನಿ ಅಂತ ನಂಗೇ ಒಂದ್ ಮಾತು ಹೇಳ್ಬಾರ್ದಿತ್ತಾ!" ಎಂದಳು. ಆಮೇಲೆ ಪ್ರಾರ್ಥನೆಯ ಮಾತೆತ್ತಿದಾಗ ನಗು ನಿಂತಿತು.

"ಬತ್ತದಾ ಅಂತ ಎಂಗೆ ಹೇಳ್ಲಿ? ನೋಡ್ತೀನಿ."

ಕೆಲವು ದಿನ ಬಿಟ್ಟು ಸಂಜೆ ಅವಳ ಮನೆಗೆ ಹೋದಾಗ ಒಳಗಿನಿಂದ ಅವಳ ದನಿ ಕೇಳಿತು. ಆ ಹಳೆಯ ಪ್ರಾರ್ಥನೆಯ ಮೊದಲ ಸಾಲು. ಅರ್ಧಕ್ಕೆ ನಿಲ್ಲಿಸುವುದು, ಕೆಮ್ಮುವುದು, ಮತ್ತೆ ಮೊದಲಿಂದ. ನಾನು ಬಾಗಿಲು ತಟ್ಟದೆ ಗೇಟಿನಿಂದಲೇ ವಾಪಸು ಬಂದೆ. ಎಷ್ಟು ಸಂತೋಷವಾಗಿತ್ತು ಎಂದರೆ ದಾರಿಯಲ್ಲಿ ಆಟೋದವನು ಹೆಚ್ಚು ಕೇಳಿದರೂ ಅವನ ಜೊತೆ ವಾದ ಮಾಡಲಿಲ್ಲ.

ಕಾರ್ಯಕ್ರಮ ಒಂದು ಭಾನುವಾರ, ವಿದ್ಯಾರಣ್ಯಪುರಂನ ಒಂದು ಸಣ್ಣ ಕಲ್ಯಾಣ ಮಂಟಪದಲ್ಲಿ. ಖಾರಾಬಾತು ಕೇಸರಿಬಾತಿನ ತಟ್ಟೆ ಹಿಡಿದುಕೊಂಡು ಎಲ್ಲರೂ ಒಬ್ಬರಿಗೊಬ್ಬರು ತಮ್ಮ ಜೀವನ ಒಪ್ಪಿಸುತ್ತಿದ್ದರು. ಒಬ್ಬ ಸೈಟು, ಮನೆ, ಕಾರು ಎಂದು ಹೇಳಿ "ಇನ್ನೇನ್ ಬೇಕು ಹೇಳಿ" ಎಂದ. ಏನು ಬೇಕೆಂದು ಅವನ ಮುಖ ನೋಡಿದರೆ ಗೊತ್ತಾಗುತ್ತಿತ್ತು, ಯಾರಾದರೂ ಕೇಳಿಸಿಕೊಳ್ಳಬೇಕಾಗಿತ್ತು. ಗಣಿತದಲ್ಲಿ ಹುಡುಗರನ್ನೆಲ್ಲ ಹಿಂದೆ ಹಾಕುತ್ತಿದ್ದ ಹುಡುಗಿ, ಈಗ ಮಂಡಿ ಆಪರೇಷನ್ ಆದವಳು, ನಾನು ಕೇಳುವ ಮೊದಲೇ "ನಾನೇನಿಲ್ಲಮ್ಮ, ಮನೇಲೇ" ಎಂದು ಬೇರೆ ಕಡೆ ನೋಡಿದಳು. ನಲವತ್ತು ವರ್ಷಕ್ಕೂ ಮೇಲೆ ಬದುಕಿ ಬಂದು ಯಾರೂ ನಿಜ ಹೇಳುತ್ತಿರಲಿಲ್ಲ. ನನ್ನ ಸರದಿ ಬಂದಾಗ ನಾನಾದರೂ ಏನು ಹೇಳಲಿ? ಸರ್ವೀಸಿನ ಉದ್ದಕ್ಕೂ ಬೇರೆಯವರ ವಾಕ್ಯಗಳನ್ನು ಟೈಪ್ ಮಾಡಿದೆ, ತಪ್ಪೆಂದು ಕಂಡರೂ ತಿದ್ದುವ ಅಧಿಕಾರವಿಲ್ಲದೆ. ನನ್ನ ಸಿಡುಕು ಎಲ್ಲಿಂದ ಬಂತೆಂದು ಕೇಳುವವರಿಗೆ ಉತ್ತರ ಅದೇ. ಅಲ್ಲಿ ಮಾತ್ರ "ರಿಟೈರಾಯ್ತು" ಎಂದು ಹೇಳಿ ಮುಗಿಸಿದೆ.

ನನ್ನ ಗೆಳತಿ ತಿಳಿಹಸಿರು ಸೀರೆಯುಟ್ಟು ಬಂದಿದ್ದಳು. ಅವಳನ್ನು ನೋಡಿ ಒಬ್ಬಳು ತಟ್ಟೆ ಹಿಡಿದುಕೊಂಡೇ ಎರಡು ಹೆಜ್ಜೆ ಹಿಂದೆ ಸರಿದು, ಆಮೇಲೆ "ಚೆನ್ನಾಗಿದೀಯಾ?" ಎಂದಳು. ನಾವಿಬ್ಬರೂ ಒಳಗೆ ಹೋಗಿ ವೇದಿಕೆ ನೋಡಿದೆವು. ಲೀಡರು ಮಾತು ಉಳಿಸಿಕೊಂಡಿದ್ದ. ಅವಳ ಫೋಟೋ ಮುಚ್ಚಿಸಿದ್ದ. ಹೇಗೆ? ಅದರ ಮೇಲೆ ಒಂದು ಚೆಂಡುಹೂವಿನ ಹಾರ ಇಳಿಬಿಟ್ಟು! ಸಾಲಿನಲ್ಲಿದ್ದ ನಿಜವಾಗಿ ಸತ್ತವರಿಗೆ ಯಾರಿಗೂ ಹಾರವಿಲ್ಲ, ಬದುಕಿರುವವಳಿಗೆ ಮಾತ್ರ ಹಾರ. ಹೂವಿನ ನಡುವಿನಿಂದ ಅವಳ ಕಣ್ಣೂ ಎರಡು ಜಡೆಯೂ ಚೆನ್ನಾಗಿಯೇ ಕಾಣುತ್ತಿದ್ದವು.

"ಏನ್ರೀ ಇದು?" ಎಂದು ಲೀಡರನ್ನು ಹಿಡಿದುಕೊಂಡೆ.

"ಮುಚ್ಚು ಅಂದ್ರಿ, ಮುಚ್ಚಿದೀನಲ್ಲ!" ಎಂದು ಅವನು ಅತಿಥಿಗಳನ್ನು ಕರೆತರಲು ಓಡಿದ. ಹಾರ ಕಿತ್ತರೆ ಫೋಟೋ, ಬಿಟ್ಟರೆ ಹಾರ. ನಾನು ನಿಂತಲ್ಲೇ ಹಲ್ಲು ಕಡಿದೆ. ಗೆಳತಿ ಮಾತ್ರ "ಜಡೆ ಎಷ್ಟು ಉದ್ದ ಇತ್ತು ನೋಡು" ಎಂದು ನನ್ನನ್ನು ಎಳೆದುಕೊಂಡು ಹೋಗಿ ಎರಡನೇ ಸಾಲಿನಲ್ಲಿ ಕೂರಿಸಿದಳು.

ನಿರೂಪಣೆಗೆ ನಿಂತವನು ನಮ್ಮ ಕ್ಲಾಸಿನವನೇ, ನಿವೃತ್ತ ಕನ್ನಡ ಲೆಕ್ಚರರು. ಗಂಟಲು ಸರಿಮಾಡಿಕೊಂಡು "ಇದೀಗ ಪ್ರಾರ್ಥನೆ" ಎಂದ. ಗೆಳತಿ ಸೆರಗು ಸರಿಪಡಿಸಿಕೊಂಡು ಏಳತೊಡಗಿದಳು. ಅಷ್ಟರಲ್ಲಿ ಸ್ಪೀಕರಿನಿಂದ ಯಾರದೋ ಮೊಬೈಲಿನ ಹಾಡು ಬರತೊಡಗಿತು, ತಬಲ, ಕೊಳಲು ಎಲ್ಲ ಸೇರಿ. ಅವಳು ಅರ್ಧ ಎದ್ದವಳು ಹಾಗೇ ಕೂತಳು. ಆಮೇಲೆ ಗೊತ್ತಾಯಿತು, ನಿರೂಪಕನ ಕೈಯಲ್ಲಿದ್ದ ಕಾಗದದಲ್ಲಿ ಅವಳ ಹೆಸರು ಪ್ರಾರ್ಥನೆಗೂ ಇತ್ತು, ಅಗಲಿದವರಲ್ಲೂ ಇತ್ತು. ಎರಡರಲ್ಲಿ ಒಂದು ತಪ್ಪಿರಬೇಕೆಂದು ಯೋಚಿಸಿ, ಸತ್ತವರು ಹಾಡುವುದಿಲ್ಲವೆಂದು ತೀರ್ಮಾನಿಸಿ, ಮಹಾನುಭಾವ ಪ್ರಾರ್ಥನೆಯ ಹೆಸರನ್ನು ಹೊಡೆದುಹಾಕಿದ್ದ. ಅವಳು ಎದುರಿಗೇ ಕೂತಿದ್ದಾಳೆ, ತಲೆಯೆತ್ತಿ ಒಮ್ಮೆ ನೋಡಬಾರದೆ?

ನಾನು ಏಳುವಷ್ಟರಲ್ಲಿ ಸ್ವಾಗತ ಭಾಷಣ ಶುರುವಾಯಿತು, ಅದು ಮುಗಿದದ್ದೇ "ನಮ್ಮನ್ನಗಲಿದ ಸಹಪಾಠಿಗಳ ಆತ್ಮಕ್ಕೆ ಚಿರಶಾಂತಿ ಕೋರಿ ಒಂದು ನಿಮಿಷ ಮೌನ" ಎಂದಾಯಿತು. ನಿರೂಪಕ ಒಂದೊಂದೇ ಹೆಸರು ಓದಿದ. ಕೊನೆಯದು ಅವಳದು. ಕುರ್ಚಿಗಳ ಸದ್ದು, ಇಡೀ ಸಭೆ ಎದ್ದು ನಿಂತಿತು. ವಯಸ್ಸಾದ ಗಣಿತದ ಮೇಷ್ಟ್ರೂ ಕೋಲೂರಿ ಎದ್ದರು. ನಾನು ಕೂಗಬೇಕೆಂದು ಬಾಯಿ ತೆರೆದರೆ ಪಕ್ಕದಲ್ಲಿ ಅವಳೂ ಎದ್ದು ನಿಂತಿದ್ದಾಳೆ! ತಲೆ ಬಗ್ಗಿಸಿ, ಕಣ್ಣು ಮುಚ್ಚಿ. ಅವಳ ಕೈ ನನ್ನ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದಿತ್ತು. ನಾನು ಬಾಯಿ ಮುಚ್ಚಿಕೊಂಡೆ.

ಎಲ್ಲರೂ ಕೂತ ಕೂಡಲೇ ಅವಳ ಕೈ ಬಿಡಿಸಿಕೊಂಡು ವೇದಿಕೆ ಹತ್ತಿದೆ. ನಿರೂಪಕನ ಕೈಯಿಂದ ಮೈಕು ತೆಗೆದುಕೊಂಡೆ. "ಈಗ ಕೊನೇಲಿ ಓದಿದ್ರಲ್ಲ ಹೆಸ್ರು, ಅವಳು ಅಲ್ಲಿ ಕೂತಿದಾಳೆ, ಕಣ್ ಬಿಟ್ಟು ನೋಡಿ. ಸತ್ತಿದ್ದು ಅವಳ ಗಂಡ ಅಂತ ನಾನು ಹೋದ ವರ್ಷಾನೇ ಬರ್ದೆ. ಇವತ್ತು ಪ್ರಾರ್ಥನೆ ಹಾಡೋಕ್ಕೆ ಅಂತ ದಿನಾ ಅಭ್ಯಾಸ ಮಾಡ್ಕೊಂಡು ಬಂದಿದಾಳೆ. ನಿಮಗೆ ನಾಚ್ಕೆ ಆಗ್ಬೇಕು" ಎಂದೆ. ಲೀಡರು ಓಡಿ ಬಂದ. "ಸಾರಿ, ತಪ್ಪಾಗೋಯ್ತು, ಬನ್ನಿ ಬನ್ನಿ, ಈಗ್ಲೇ ಹಾಡ್ಲಿ, ಜೋರಾಗಿ ಚಪ್ಪಾಳೆ" ಎಂದ. ಚಪ್ಪಾಳೆ ಬಿತ್ತು. ಅವಳು ನಿಧಾನವಾಗಿ ಮೆಟ್ಟಿಲು ಹತ್ತಿ ಬಂದಳು. ಮೈಕು ಅವಳ ಕೈಗೆ ಕೊಟ್ಟೆ. ಅಂತೂ ಆಯಿತಲ್ಲ ಎಂದುಕೊಂಡೆ.

ಅವಳು ಮೈಕನ್ನು ಬಾಯಿಯ ಹತ್ತಿರ ಹಿಡಿದಳು.

"ಪ್ರಾರ್ಥನೆ ಆಗೋಯ್ತಲ್ಲ, ಇನ್ನೊಂದ್ಸಲ ಯಾಕೆ?" ಎಂದಳು. "ಹೋದೋರು ನಮ್ ಯಜಮಾನ್ರು. ಅವ್ರು ಹೋದಾಗ ನಿಮ್ಮಲ್ಲಿ ಇವ್ಳೊಬ್ಳು ಬಿಟ್ರೆ ಯಾರೂ ಬರ್ನಿಲ್ಲ. ಯಾಕೆ ಬರ್ನಿಲ್ಲ ಅಂತ ಒಂದ್ ವರ್ಷ ಯೋಚ್ನೆ ಮಾಡಿವ್ನಿ. ಈಗ ಎಲ್ರೂ ಎದ್ ನಿಂತ್ಕೊಂಡ್ರಲ್ಲ, ಅದು ಅವ್ರಿಗೇ ಅಂದ್ಕೊಂಡು ನಾನೂ ನಿಂತ್ಕೊಂಡೆ. ಅಷ್ಟು ಸಾಕು ಕಣ್ರಪ್ಪ."

ಮೈಕನ್ನು ನಿರೂಪಕನ ಕೈಗೆ ಕೊಟ್ಟು ಕೆಳಗಿಳಿದಳು. ಯಾರಿಗೂ ಚಪ್ಪಾಳೆ ತಟ್ಟಬೇಕೋ ಬೇಡವೋ ತಿಳಿಯಲಿಲ್ಲ. ಲೀಡರು ಗಡಿಯಾರ ನೋಡಿಕೊಂಡು ಗುರುಗಳಿಗೆ ಪೇಟ ತೊಡಿಸಲು ಕರೆದ, ಫೋಟೋದವನು ಮುಂದೆ ಬಂದ, ಕಾರ್ಯಕ್ರಮ ಸಾಗಿತು. ನಾನು ಬಂದು ಅವಳ ಪಕ್ಕ ಕೂತೆ. ನನಗೆ ಅವರ ಮೇಲೆ ಸಿಟ್ಟು, ಹಾಡದ ಅವಳ ಮೇಲೂ ಸಿಟ್ಟು, ಅವಳು ಹೇಳಿದ್ದರಲ್ಲಿ ಒಂದಕ್ಷರವೂ ತಪ್ಪಿಲ್ಲವೆಂದು ಇನ್ನಷ್ಟು ಸಿಟ್ಟು. ಊಟ ಮಾಡಿ, ತಾಂಬೂಲ ತೆಗೆದುಕೊಂಡು, ಅಷ್ಟು ದಿನ ಕೆಮ್ಮಿ ಕೆಮ್ಮಿ ಗಂಟಲಿಗೆ ತಂದುಕೊಂಡಿದ್ದ ಹಾಡನ್ನು ಅಲ್ಲೇ ಇಟ್ಟುಕೊಂಡು ಅವಳು ಮನೆಗೆ ಹೋದಳು.